ವ್ಯಾನಿನಲ್ಲಿ ಬಿಸಿಲು, ಮಳೆ, ಚಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮತ್ತು ನಮ್ಮ ಯಜಮಾನರು ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಮನೆ ಮಾಡಿಕೊಂಡು ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಸುತ್ತ ಓಡಾಡಿಕೊಂಡಿದ್ದೇವೆ. ಪೆಟ್ರೋಲ್ ಬಂಕಿನಲ್ಲಿ ನೀರು ಹಿಡಿಯುವಾಗ, ಟೀ ಅಂಗಡಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಜನ ಕೇಳುವುದು ಬಹುಪಾಲು ಸೆಕೆ ಮತ್ತು ಚಳಿಯ ಬಗ್ಗೆಯೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಫ್ಯಾನು, ಕೂಲರು ಕೊಳ್ಳುವ ಮುಂಚೆ ಗಾಡಿಯನ್ನು ಎಲ್ಲಿ, ಯಾವ ಹೊತ್ತಿಗೆ, ಯಾವ ಕಡೆ ಮುಖ ಮಾಡಿ ನಿಲ್ಲಿಸಬೇಕು ಅನ್ನೋದನ್ನು ಕಲಿಯಿರಿ. ಅರ್ಧ ಸೆಕೆ ಅಲ್ಲೇ ಕಳೆಯುತ್ತದೆ.

## ಎಲ್ಲರೂ ಮೊದಲು ಕೇಳೋದು

ಅಕ್ಕಾ, ಏಪ್ರಿಲ್-ಮೇನಲ್ಲಿ ಈ ತಗಡಿನ ಡಬ್ಬದೊಳಗೆ ಹೆಂಗೆ ಇರ್ತೀರಿ? ಬೆಂದು ಹೋಗಲ್ವಾ?

ಮಧ್ಯಾಹ್ನ ಒಳಗೆ ಇರೋದೇ ಇಲ್ಲ. ಹೊರಗೆ 35 ಡಿಗ್ರಿ ಇದ್ದಾಗ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಒಂದು ಗಂಟೆಯೊಳಗೆ 50 ಡಿಗ್ರಿ ದಾಟುತ್ತದೆ. ಆ ಕಾವಿಗೆ ಫ್ಯಾನು ಹಾಕಿದರೆ ಬಿಸಿ ಗಾಳಿಯೇ ಮುಖಕ್ಕೆ ಬಡಿಯುತ್ತದೆ. ಹಾಗಾಗಿ ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ನಾವು ಮರದ ಕೆಳಗೆ ಚಾಪೆ ಹಾಕಿಕೊಂಡೋ, ಕೆಲಸದ ಮೇಲೆ ಊರೊಳಗೋ ಇರುತ್ತೇವೆ. ವ್ಯಾನು ಮಲಗಲಿಕ್ಕೆ, ಸಾಮಾನಿಗೆ, ಬೆಳಗಿನ ಅಡುಗೆಗೆ. ನಮ್ಮ ಕಡೆ ಒಂದು ಪುಣ್ಯ ಇದೆ. ಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ಹೊತ್ತು ಮುಳುಗಿದ ಮೇಲೆ ಕಾವು ಬೇಗ ಇಳಿಯುತ್ತದೆ. ಹಗಲು 38-40 ಡಿಗ್ರಿ ಕಂಡ ದಿನವೂ ನಡುರಾತ್ರಿ ದಾಟಿದರೆ ಹೊದೆಯಲು ತೆಳ್ಳನೆ ದುಪ್ಪಟಿ ಹುಡುಕುವಷ್ಟು ತಂಪಾಗುವುದುಂಟು. ಕರಾವಳಿಯ ಬೆವರು ರಾತ್ರಿ ನಮಗಿಲ್ಲ.

ದಾವಣಗೆರೆ ಕಷ್ಟನಾ, ದುರ್ಗ ಕಷ್ಟನಾ?

ಎರಡರ ನಡುವೆ ಇರುವುದು 60 ಕಿಲೋಮೀಟರು ಅಷ್ಟೇ. ಆದರೆ ಹವೆ ಬೇರೆ. ಚಿತ್ರದುರ್ಗ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಗಾಳಿಗೆ ತೆರೆದಿದೆ, ಒಣ ಊರು. ಸುತ್ತಲ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ದಾವಣಗೆರೆ ಕಡೆ ಭದ್ರಾ ನಾಲೆಯ ನೀರಿದೆ. ನಾಲೆಗೆ ನೀರು ಬಿಟ್ಟ ವರ್ಷ ಬೇಸಿಗೆ ಭತ್ತದ ಗದ್ದೆ ಪಕ್ಕ ಸಂಜೆ ಚೆನ್ನಾಗಿ ತಂಪಿರುತ್ತದೆ. ಜೊತೆಗೆ ಸೊಳ್ಳೆಯೂ ಇರುತ್ತದೆ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿದರೆ ಆ ತಂಪು ಕೈಗೆ ಸಿಗೋದಿಲ್ಲ. ಆದ್ದರಿಂದ ದಾವಣಗೆರೆ ಕಡೆ ಇರುವವರು ಮೊದಲು ಎಲ್ಲಾ ಕಿಟಕಿಗೂ, ಹಿಂದಿನ ಬಾಗಿಲಿಗೂ ಜಾಲರಿ ಹಾಕಿಸಿ. ದುರ್ಗದ ಕಡೆ ಇರುವವರು ಮೊದಲು ನೆರಳು ನೋಡಿಕೊಳ್ಳಿ.

ಬಿಸಿಲಿಗೆ ಮೊದಲು ದುಡ್ಡು ಹಾಕ್ಬೇಕಾ, ಚಳಿಗಾ?

ನಮ್ಮ ಸೀಮೆಯಲ್ಲಿ ಅನುಮಾನವೇ ಬೇಡ, ಬಿಸಿಲಿಗೆ. ಚಳಿಗೆ ಒಂದು ಒಳ್ಳೆ ಕಂಬಳಿ, ಕಾಲುಚೀಲ ಸಾಕು.

## ಬೇಸಿಗೆ

ನೆರಳಲ್ಲಿ ನಿಲ್ಲಿಸಿದ್ರೆ ಸಾಕಲ್ವಾ? ಗಾಡಿ ಯಾವ ಕಡೆ ಮುಖ ಮಾಡಿದ್ರೇನು?

ನೆರಳು ನಿಲ್ಲೋದಿಲ್ಲ, ಜರುಗುತ್ತದೆ. ಬೆಳಗ್ಗೆ ಎಂಟಕ್ಕೆ ಗಾಡಿ ಮೇಲಿದ್ದ ನೆರಳು ಮಧ್ಯಾಹ್ನ ಮೂರಕ್ಕೆ ಮರದ ಆಚೆ ಬದಿಗೆ ಹೋಗಿರುತ್ತದೆ. ನಿಮಗೆ ಬೇಕಾದದ್ದು ಮಧ್ಯಾಹ್ನದ ಮೇಲಿನ ನೆರಳು. ಅಂದರೆ ಮರ ಗಾಡಿಯ ಪಡುವಣಕ್ಕೆ ಇರಬೇಕು, ಗಾಡಿ ಮರದ ಮೂಡಣ ಬದಿಗೆ ನಿಲ್ಲಬೇಕು.

ಇನ್ನು ಮುಖದ ವಿಚಾರ. ಗಾಡಿಯ ಉದ್ದ ಪೂರ್ವ-ಪಶ್ಚಿಮಕ್ಕೆ ಬರಲಿ. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಾಡಿಯ ಚಿಕ್ಕ ಬದಿಗೆ ಬೀಳುತ್ತದೆ, ಉದ್ದ ಮೈ ಉಳಿಯುತ್ತದೆ. ಮುಂಗಾಜು ಪೂರ್ವಕ್ಕೆ, ಹಿಂಬಾಗಿಲು ಪಶ್ಚಿಮಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ದೊಡ್ಡ ಗಾಜು ಅದೇ ಅಲ್ವಾ, ಅದನ್ನು ಸಂಜೆ ನಾಲ್ಕರ ಬಿಸಿಲಿಗೆ ಕೊಡಬಾರದು.

ಏಪ್ರಿಲ್ ಕೊನೆಯ ದಿನಗಳಲ್ಲಿ ಇನ್ನೊಂದು ತಾಪತ್ರಯ ಇದೆ. ನಮ್ಮ ಎರಡು ಊರೂ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆ ವಾರ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರೋದಿಲ್ಲ. ಆಗ ಗೋಡೆ ಪಕ್ಕ, ಕಟ್ಟಡದ ಪಕ್ಕ ನಿಲ್ಲಿಸಿ ಏನೂ ಪ್ರಯೋಜನವಿಲ್ಲ. ಕಾವೆಲ್ಲ ಟಾಪಿನಿಂದಲೇ ಇಳಿಯುತ್ತದೆ. ಕೊಂಬೆ ಮೇಲೆ ಹರಡಿದ ಮರವೇ ಬೇಕು. ನನಗೆ ಎಲ್ಲಕ್ಕಿಂತ ಇಷ್ಟ ಹೊಂಗೆ. ಬೇರೆ ಮರಗಳು ಬೋಳಾಗಿ ನಿಂತಿರುವಾಗ ಅದು ಹೊಸ ಎಲೆ ಬಿಟ್ಟು ದಟ್ಟವಾಗಿರುತ್ತದೆ. ಸಣ್ಣ ಹೂ ಉದುರಿ ಟಾಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಸಂಜೆ ಒಮ್ಮೆ ಗುಡಿಸಿದರಾಯಿತು. ಬೇವು, ಹುಣಸೆ, ಆಲವೂ ಸರಿ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾಯಿ ಬಿದ್ದರೆ ಗಾಜು ಹೋಯಿತು.

ದುರ್ಗದಲ್ಲಿ ಬಂಡೆ ಪಕ್ಕ ಒಳ್ಳೆ ನೆರಳಿರುತ್ತೆ, ರಾತ್ರಿ ಅಲ್ಲೇ ಮಲಗ್ಬೋದಲ್ವಾ?

ಬೆಳಗಿನ ಹೊತ್ತು ನಿಲ್ಲಿಸಿ, ರಾತ್ರಿ ಬೇಡ. ಕಲ್ಲು ಹಗಲೆಲ್ಲಾ ಕಾವು ಕುಡಿದು ರಾತ್ರಿ ಬಿಡುತ್ತದೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತದೆ. ಅದರ ಪಕ್ಕ ಮಲಗಿದರೆ ಆ ಝಳ ತಗಡಿನ ಮೂಲಕ ನಿಮಗೇ ಬರುತ್ತದೆ. ಡಾಂಬರು, ಕಾಂಕ್ರೀಟು ಅಂಗಳವೂ ಹಾಗೇ. ಸಂಜೆಯಾದ ಮೇಲೆ ಬಂಡೆಯಿಂದ ದೂರ, ಮಣ್ಣಿನ ನೆಲಕ್ಕೆ, ಸ್ವಲ್ಪ ಎತ್ತರದ ಬಯಲಿಗೆ ಗಾಡಿ ಸರಿಸಿ. ಡಿಸೆಂಬರ್‌ನಲ್ಲಿ ಇದನ್ನೇ ತಿರುಗಿಸಿ ಮಾಡಬಹುದು. ಆಗ ಬಂಡೆಯ ಬೆಚ್ಚಗು ನಿಮ್ಮ ಪಾಲಿಗೆ ಲಾಭ.

ಕಿಟಕಿ ಎಲ್ಲಾ ತೆಗೆದಿಟ್ರೂ ಒಳಗೆ ಗಾಳಿನೇ ಆಡಲ್ಲ. ಯಾಕೆ?

ಬಿಸಿ ಗಾಳಿ ಮೇಲೇರಿ ಟಾಪಿನ ಕೆಳಗೆ ಕೂತಿರುತ್ತದೆ. ಕಿಟಕಿ ಅದಕ್ಕಿಂತ ಕೆಳಗಿದೆ. ಹೋಗಲು ದಾರಿಯೇ ಇಲ್ಲ. ಟಾಪಿನಲ್ಲಿ ಒಂದು ಕಿಂಡಿ ತೆಗೆಸಿ, ಅದಕ್ಕೆ ಗಾಳಿ ಹೊರಗೆ ಎಳೆಯುವ 12 ವೋಲ್ಟ್ ಫ್ಯಾನು ಕೂರಿಸಿ. ನಂತರ ಎಲ್ಲಾ ಕಿಟಕಿ ತೆಗೆಯಬೇಡಿ! ನೆರಳಿನ ಬದಿಯ ಒಂದು ಕಿಟಕಿ ಮಾತ್ರ, ನೀವು ಮಲಗುವ ತಲೆಯ ಹತ್ತಿರ ತೆಗೆಯಿರಿ. ಉಳಿದದ್ದು ಮುಚ್ಚಿ. ಆಗ ಎಳೆಯುವ ಗಾಳಿಯೆಲ್ಲಾ ಅದೊಂದೇ ಕಿಟಕಿಯಿಂದ ಬಂದು ನಿಮ್ಮ ಮೈ ಮೇಲೆ ಹಾದು ಹೋಗುತ್ತದೆ. ನಾಲ್ಕೂ ಕಿಟಕಿ ತೆಗೆದರೆ ಫ್ಯಾನಿನ ಹತ್ತಿರದ ಕಿಟಕಿಯಿಂದ ಗಾಳಿ ಬಂದು ಅಲ್ಲೇ ಮೇಲೆ ಹೋಗಿಬಿಡುತ್ತದೆ, ನಿಮಗೆ ತಟ್ಟೋದೇ ಇಲ್ಲ.

ಟಾಪಿಗೆ ತೂತು ಹೊಡೆಸಲು ಮನಸ್ಸಿಲ್ಲದವರು ಹಿಂಬಾಗಿಲ ಮೇಲ್ಭಾಗದಲ್ಲಿ ಹೊರಮುಖವಾಗಿ ಸಣ್ಣ ಫ್ಯಾನು ಕಟ್ಟಿಕೊಳ್ಳಬಹುದು. ಅಷ್ಟೇ ಪರಿಣಾಮ ಬರೋದಿಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಒದ್ದೆ ಗೋಣಿಚೀಲ ಕಟ್ಟಿದ್ರೆ ನಿಜವಾಗ್ಲೂ ತಂಪಾಗುತ್ತಾ, ಇಲ್ಲ ಸುಮ್ನೆ ಮಾತಾ?

ನಿಜವಾಗಿಯೂ ಆಗುತ್ತದೆ, ನಮ್ಮ ಒಣ ಬೇಸಿಗೆಯಲ್ಲಂತೂ ಬಹಳ. ಒಂದು ಲೀಟರು ನೀರು ಆವಿಯಾಗಲು ಸುಮಾರು ಮೂರನೇ ಎರಡು ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಆ ಶಾಖವನ್ನು ಅದು ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಹೀಗೆ ಮಾಡಿ: ಗೋಣಿಚೀಲವನ್ನು ಬಿಚ್ಚಿ ಒಂದೇ ಪದರ ಮಾಡಿ. ಚೆನ್ನಾಗಿ ನೆನೆಸಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಂಡಿ, ಗಾಳಿ ಒಳಗೆ ಬರುವ ಆ ಒಂದು ಕಿಟಕಿಗೆ ಹೊರಗಿನಿಂದ ಕಟ್ಟಿ. ನೀರು ಸುರಿಯುತ್ತಿದ್ದರೆ ನೂಲಿನ ನಡುವಿನ ಸಂದು ಮುಚ್ಚಿ ಗಾಳಿ ಹಾಯೋದಿಲ್ಲ. ಮೊದಲ ಹತ್ತು ನಿಮಿಷ ಸೆಣಬಿನ ವಾಸನೆ, ಆಮೇಲೆ ಮಳೆ ಬಿದ್ದ ಮಣ್ಣಿನ ಹಾಗೆ ಒಂದು ತಂಪು ವಾಸನೆ. ಅಂಚು ಮೊದಲು ಒಣಗಿ ಬಿಳುಪಾಗುತ್ತದೆ. ಅದು ಕಂಡಾಗ ಮಗ್ಗಿನಿಂದ ಮೇಲಿನ ಅಂಚಿಗೆ ನೀರು ಬಿಟ್ಟರೆ ಸಾಕು, ಇಳಿದು ಬರುತ್ತದೆ. ಲಾವಂಚದ ಪರದೆ ಸಿಕ್ಕರೆ ಇನ್ನೂ ಚೆಂದ.

ಎರಡು ಎಚ್ಚರಿಕೆ. ಗಾಳಿ ಹೊರಗೆ ಹೋಗಲು ದಾರಿ ಇರಲೇಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಒಳಗೆಲ್ಲಾ ಜಿಗಿಜಿಗಿ ಆಗುತ್ತದೆ. ಜೂನ್ ಬಂದು ಗಾಳಿಯಲ್ಲಿ ತೇವ ಸೇರಿದ ಮೇಲೆ ಇದರಿಂದ ಉಪಯೋಗವಿಲ್ಲ. ಕೂಲರಿಗೂ ಇದೇ ಮಾತು.

ನನ್ನದು ಓಮ್ನಿ. ಗಾಡಿ ನಿಲ್ಲಿಸಿ ಎಷ್ಟೊತ್ತಾದ್ರೂ ಸೀಟಿನ ಕೆಳಗೆ ಸುಡ್ತಾನೇ ಇರುತ್ತಲ್ಲ?

ಓಮ್ನಿಯಲ್ಲೂ ಈಕೋದಲ್ಲೂ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ. ಆ ಕಬ್ಬಿಣ ಆರಲು ಹೊತ್ತು ಬೇಕು. ಮಲಗುವ ಜಾಗ ತಲುಪುವುದು ಸಂಜೆ ಆರಕ್ಕೇ ಆಗುವಂತೆ ನೋಡಿಕೊಳ್ಳಿ. ಮುಂದಿನ ಎರಡೂ ಬಾಗಿಲು ತೆಗೆದಿಟ್ಟು ಊಟಕ್ಕೋ ಪೇಟೆಗೋ ಹೋಗಿ ಬನ್ನಿ, ಯಾರಾದರೂ ಒಬ್ಬರು ಗಾಡಿ ಹತ್ತಿರ ಇರಲಿ. ಮುಂದಿನ ಸೀಟಿಗೂ ಹಿಂದಿನ ಹಾಸಿಗೆಗೂ ನಡುವೆ ದಪ್ಪ ಪರದೆ ಇಳಿಬಿಡಿ. ತಲೆ ಹಿಂಬಾಗಿಲ ಕಡೆ ಇರಲಿ.

ಒಳಗೇ ಅಡುಗೆ ಮಾಡಿದ್ರೆ ಸೆಕೆ ಜಾಸ್ತಿ ಆಗಲ್ವಾ?

ಆಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಒಲೆ ಆರಿಸಿಬಿಡುತ್ತೇವೆ. ಮಧ್ಯಾಹ್ನಕ್ಕೆ ಮೊಸರನ್ನ, ರಾಗಿ ಅಂಬಲಿ, ಇಲ್ಲವೇ ಮಂಡಕ್ಕಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೇನು ಬರ, ಗರಿಗರಿ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಹುರಿಗಡಲೆ ಪುಡಿ ಕಲಸಿದರೆ ಬೆಂಕಿಯೇ ಬೇಡ. ಗ್ಯಾಸ್ ಸಿಲಿಂಡರಿಗೆ ಬಿಸಿಲು ಬೀಳದಂತೆ, ನೆಟ್ಟಗೆ ನಿಲ್ಲಿಸಿ ಕಟ್ಟಿಡಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಇಟ್ಟ ಕಡೆ ನೆಲದಲ್ಲಿ ಒಂದು ತೂತು ಇರಲೇಬೇಕು.

ಮಗು ಇದೆ, ವಯಸ್ಸಾದ ಅತ್ತೆಯೂ ಇದ್ದಾರೆ. ಕರ್ಕೊಂಡು ಬರ್ಬೋದಾ?

ನವೆಂಬರಿನಿಂದ ಫೆಬ್ರವರಿವರೆಗೆ ಧಾರಾಳವಾಗಿ ಬನ್ನಿ. ಏಪ್ರಿಲ್-ಮೇನಲ್ಲಿ ನಾನಂತೂ ಬೇಡ ಅಂತಲೇ ಹೇಳುತ್ತೇನೆ. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗೋದಿಲ್ಲ. ಬಿಪಿಗೆ ನೀರು ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಕರೆದುಕೊಂಡು ಬಂದಿದ್ದರೆ, ಐದು ನಿಮಿಷಕ್ಕೂ ಅವರನ್ನು ಮುಚ್ಚಿದ ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಕಾವು ಹತ್ತು ಡಿಗ್ರಿ ಏರಿಬಿಡುತ್ತದೆ. ಕುಡಿಯಲು ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡುತ್ತಿರಿ. ಸುಸ್ತಾದವರಿಗೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ, ಕೇಳಿದ್ದಕ್ಕೆ ಬೇರೆಯೇ ಹೇಳಿದರೆ, ಪ್ರಜ್ಞೆ ತಪ್ಪಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈ ಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಫ್ರಿಜ್ ಇಲ್ಲ ಅಂತೀರಿ. ನಂಗೆ ಶುಗರ್ ಇದೆ, ಇನ್ಸುಲಿನ್ ಎಲ್ಲಿಡೋದು?

ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಕೆಡೋದಿಲ್ಲ. ನಿಮ್ಮ ಸೀಸೆಯ ಚೀಟಿಯನ್ನೂ ಒಮ್ಮೆ ನೋಡಿ. ಎರಡು ಮಣ್ಣಿನ ಮಡಿಕೆ ತನ್ನಿ. ದೊಡ್ಡದರೊಳಗೆ ಚಿಕ್ಕದನ್ನು ಇಟ್ಟು ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆ ಎರಡು ಸಲ ನೀರು ಹಾಕಿ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಜೊತೆಗೊಂದು ಅಗ್ಗದ ಥರ್ಮಾಮೀಟರ್ ಇಟ್ಟು ನೋಡುತ್ತಿರಿ. ಇನ್ನೂ ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅದನ್ನು ಊರಲ್ಲಿ ನೆಂಟರ ಮನೆಯಲ್ಲೋ ಪರಿಚಯದ ಮೆಡಿಕಲ್ ಅಂಗಡಿಯಲ್ಲೋ ಇಡಿಸಿ. ಐಸಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

## ಮಳೆ ಮತ್ತು ಚಳಿ

ಬೆಳಗ್ಗೆ ಎದ್ರೆ ಗಾಜು, ತಗಡು ಎಲ್ಲಾ ಬೆವರಿರುತ್ತೆ. ಎಲ್ಲಿಂದ ಸೋರ್ತಿದೆ?

ಸೋರುತ್ತಿಲ್ಲ. ಅದು ನಿಮ್ಮ ಉಸಿರು. ಮಲಗಿದ ಒಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರು ನೀರು ಗಾಳಿಗೆ ಸೇರುತ್ತದೆ. ಅಡುಗೆ ಗ್ಯಾಸು ಒಂದು ಕೆಜಿ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದೆಲ್ಲಾ ತಣ್ಣಗಿನ ತಗಡಿಗೆ ತಾಗಿ ಹನಿಯಾಗುತ್ತದೆ. ಚಳಿ ಅಂತ ಪೂರ್ತಿ ಮುಚ್ಚಿಕೊಂಡರೆ ಜಾಸ್ತಿಯಾಗುತ್ತದೆ. ಎರಡು ಕಡೆ ಎರಡು ಬೆರಳಷ್ಟು ಕಿಟಕಿ ತೆಗೆದಿರಲಿ, ಟಾಪಿನ ಫ್ಯಾನು ನಿಧಾನಕ್ಕೆ ತಿರುಗುತ್ತಿರಲಿ. ಮಳೆಗೆ ಕಿಟಕಿ ಮೇಲೆ ಸಣ್ಣ ಸೂರಿನಂಥ ಪಟ್ಟಿ ಸಿಗುತ್ತದೆ, ಹಾಕಿಸಿ. ಹಾಸಿಗೆಯನ್ನು ಹಲಗೆಗೆ ಅಂಟಿಸಿ ಹಾಸಬೇಡಿ. ಸಂದು ಬಿಟ್ಟು ಹೊಡೆದ ಮರದ ಪಟ್ಟಿಯ ಮೇಲೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಹಾಸಿಗೆ. ಇಲ್ಲದಿದ್ದರೆ ಕೆಳಮೈಗೆ ಕಪ್ಪಗೆ ಬೂಷ್ಟು ಹಿಡಿಯುತ್ತದೆ.

ಆಷಾಢದ ಗಾಳಿಗೆ ತಾಡಪಾಲು ನಿಲ್ಲುತ್ತಾ?

ದುರ್ಗದಲ್ಲಿ ನಿಲ್ಲೋದಿಲ್ಲ, ಹರಿದುಹೋಗುತ್ತದೆ. ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಗಾಡಿಯ ಮೂತಿ ಆ ಕಡೆಗೆ ಮಾಡಿ, ಬಾಗಿಲು ಪೂರ್ವದ ಬದಿಗೆ ಬರಲಿ, ರಾತ್ರಿ ತಾಡಪಾಲು ಸುತ್ತಿಡಿ.

ಇಲ್ಲಿ ಚಳಿಗೆ ಹೀಟರ್ ಬೇಕಾ?

ಬೇಡ. ಡಿಸೆಂಬರ್-ಜನವರಿಯಲ್ಲಿ ನಸುಕಿಗೆ 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಒಂದೆರಡು ಕಡಿಮೆ. ಆದರೆ ವ್ಯಾನಿನೊಳಗೆ ಮನೆಗಿಂತ ಚಳಿ ಅನಿಸುತ್ತದೆ. ಮೋಡವಿಲ್ಲದ ರಾತ್ರಿ ತಗಡಿನ ಟಾಪು ಆಕಾಶಕ್ಕೆ ಶಾಖ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಮೊದಲು ಅಲ್ಲೇ ಕೂರುವುದು ಅದಕ್ಕೇ. ಟಾಪಿನ ಮೇಲೆ ಒಂದು ಗೇಣು ಎತ್ತರಕ್ಕೆ ತಾಡಪಾಲು ಕಟ್ಟಿದರೆ ಬೇಸಿಗೆಯಲ್ಲಿ ಬಿಸಿಲಿಗೂ, ಚಳಿಗಾಲದ ರಾತ್ರಿ ಇದಕ್ಕೂ ಆಗುತ್ತದೆ.

ಜನ ಹೊದೆಯುವುದರ ಬಗ್ಗೆ ಯೋಚಿಸುತ್ತಾರೆ, ಹಾಸುವುದರ ಬಗ್ಗೆ ಯೋಚಿಸೋದಿಲ್ಲ. ಚಳಿ ಕೆಳಗಿನಿಂದ ಬರುತ್ತದೆ. ಚಳ್ಳಕೆರೆ ಕಡೆಯ ಕುರಿ ಕಂಬಳಿ ಒಂದನ್ನು ಕೆಳಗೆ ಹಾಸಿ, ಇನ್ನೊಂದನ್ನು ಹೊದ್ದುಕೊಳ್ಳಿ. ಕಪ್ಪು ಕಂಬಳಿ ಕೈಗೆ ಒರಟು, ಮೊದಮೊದಲು ಕುತ್ತಿಗೆಗೆ ಚುಚ್ಚುತ್ತದೆ, ಹೊಸದರಲ್ಲಿ ಕುರಿಯ ವಾಸನೆಯೂ ಇರುತ್ತದೆ. ಒಳಗೆ ಹಳೆಯ ಹತ್ತಿ ಸೀರೆ ಸೇರಿಸಿ ಹೊದ್ದರೆ ಚುಚ್ಚೋದಿಲ್ಲ. ಉಣ್ಣೆ ಸ್ವಲ್ಪ ತೇವ ತಾಗಿದರೂ ಬೆಚ್ಚಗಿಡುತ್ತದೆ. ನೇಯುವ ಕೈಗಳು ಕಡಿಮೆಯಾಗುತ್ತಿವೆ, ಸಿಕ್ಕಾಗ ನೇಕಾರರಿಂದಲೇ ಕೊಳ್ಳಿ. ಮಲಗುವ ಮುಂಚೆ ಕಾಲಿನ ಹತ್ತಿರ ಬಿಸಿನೀರಿನ ಚೀಲ ಇಟ್ಟರೆ ನಿದ್ದೆ ತಾನಾಗಿ ಬರುತ್ತದೆ.

ಒಂದು ಬಾಣಲೆಯಲ್ಲಿ ಕೆಂಡ ಇಟ್ಕೊಂಡ್ರೆ ಆಯ್ತಪ್ಪ, ಅದಕ್ಕ್ಯಾಕೆ ಇಷ್ಟು ಯೋಚನೆ?

ದಯವಿಟ್ಟು ಇಡಬೇಡಿ. ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯೋದಿಲ್ಲ. ತಲೆನೋವು, ತೂಕಡಿಕೆ, ಅಷ್ಟೇ. ಮಲಗಿದವರು ಮತ್ತೆ ಏಳೋದಿಲ್ಲ. ಗ್ಯಾಸ್ ಒಲೆಯನ್ನು ಬೆಚ್ಚಗಿಗೆ ಅಂತ ಹಚ್ಚಿಟ್ಟು ಮಲಗುವುದು, ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದು, ಇವೂ ಇದೇ ದಾರಿ. ಕಿಟಕಿ ಸ್ವಲ್ಪ ತೆಗೆದಿದ್ದೀನಲ್ಲ ಅನ್ನುವ ಧೈರ್ಯ ಬೇಡ. ವ್ಯಾನಿನಲ್ಲಿ ಒಲೆ ಇಟ್ಟುಕೊಂಡಿರುವ ಪ್ರತಿಯೊಬ್ಬರೂ ಮೋನಾಕ್ಸೈಡ್ ಅಲಾರಂ ತಗುಲಿಸಿ. ಈ ಪುಟದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ.

## ಕರೆಂಟು, ಕೆಲಸ, ಕಾಯ್ದೆ

ಬ್ಯಾಟರಿ ಮೇಲೆ ಎಸಿ ನಡೆಯುತ್ತಾ?

ಲೆಕ್ಕ ನೀವೇ ನೋಡಿ. 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಮಾಮೂಲಿ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ತೆಗೆಯಬೇಕು, ಅಂದರೆ 0.9 ಯೂನಿಟ್. 20 ವ್ಯಾಟಿನ ಎರಡು ಫ್ಯಾನು ರಾತ್ರಿ ಹತ್ತು ಗಂಟೆ ತಿರುಗಿದರೆ 0.4 ಯೂನಿಟ್. ಆರಾಮಾಗಿ ಸಾಕು. ಮನೆಯ ಒಂದು ಟನ್ ಎಸಿ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ಕೇಳುತ್ತದೆ. ಅಂಥ ಐದು ಬ್ಯಾಟರಿ ಬೇಕು. ಅವನ್ನು ಮತ್ತೆ ತುಂಬಿಸಬೇಕು, 300 ವ್ಯಾಟಿನ ಒಂದು ಸೋಲಾರ್ ಫಲಕ ಒಳ್ಳೆ ಬಿಸಿಲಿನ ದಿನ ಕೊಡುವುದು ಒಂದೂಕಾಲು ಯೂನಿಟ್ ಆಸುಪಾಸು. ಅಷ್ಟು ದುಡ್ಡಿಗೆ ಬೇಸಿಗೆಯ ಕೆಟ್ಟ ಎರಡು ತಿಂಗಳು ಮಲೆನಾಡಿನ ಕಡೆ ಹೋಗಿ ಇರಬಹುದು.

ಫಲಕ ಹಾಕಿಸುವಾಗ ಟಾಪಿಗೆ ಅಂಟಿಸಬೇಡಿ. ನಾಲ್ಕು ಬೆರಳು ಸಂದು ಬಿಡಿಸಿ. ಗಾಳಿ ಹಾದು ಫಲಕವೂ ತಂಪಿರುತ್ತದೆ, ಟಾಪಿಗೂ ನೆರಳಾಗುತ್ತದೆ.

ಇನ್ಸುಲೇಷನ್‌ಗೆ ಥರ್ಮೋಕೋಲ್ ಹಾಕಿದ್ರೆ ಸಾಕಲ್ವಾ? ಅಗ್ಗಕ್ಕೆ ಸಿಗುತ್ತೆ.

ಶಾಖ ತಡೆಯುತ್ತದೆ. ಆದರೆ ಬೆಂಕಿ ಬೇಗ ಹಿಡಿಯುತ್ತದೆ, ಗಾಡಿ ಅಲುಗಾಟಕ್ಕೆ ಕಿರುಗುಟ್ಟಿ ಪುಡಿಯಾಗುತ್ತದೆ. ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟು, 19 ಅಥವಾ 25 ಮಿಲಿಮೀಟರು ದಪ್ಪದ್ದು, ತಗಡಿಗೆ ಸಂದಿಲ್ಲದಂತೆ ಅಂಟಿಸಿಸಿ. ನೀರು ಹೀರೋದಿಲ್ಲ. ದುಡ್ಡು ಕಡಿಮೆಯಿದ್ದರೆ ಟಾಪಿಗೆ ಮಾತ್ರ ಹಾಕಿಸಿ, ಗೋಡೆ ಮುಂದಿನ ವರ್ಷ ನೋಡಿ. ಬೆಳ್ಳಿ ಬಣ್ಣದ ಹೊಳೆಯುವ ಅಲ್ಯೂಮಿನಿಯಂ ಹಾಳೆಯ ವಿಷಯದಲ್ಲಿ ಅಂಗಡಿಯವರು ಬಹಳ ಹೇಳುತ್ತಾರೆ. ಅದರ ಹೊಳೆಯುವ ಮುಖದ ಮುಂದೆ ಗಾಳಿಯ ಸಂದು ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಎರಡೂ ಕಡೆ ಒತ್ತಿ ಅಂಟಿಸಿದರೆ ಅದು ಬರೀ ತಗಡು. ಇನ್ಸುಲೇಷನ್ ಒಳಗಿನ ಸೆಕೆಯನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ಟಾಪಿನ ಫ್ಯಾನು ಇಲ್ಲದೆ ಬರೀ ಇದನ್ನು ಹಾಕಿಸಿದವರು ರಾತ್ರಿ ಹೊರಳಾಡುತ್ತಾರೆ.

ಗಾಜಿಗೆ ಕಪ್ಪು ಫಿಲ್ಮ್, ಟಾಪಿಗೆ ಬಿಳಿ ಬಣ್ಣ... ಪೊಲೀಸರು ಹಿಡಿಯಲ್ವಾ?

ಮುಂದೆ-ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಲೇಬೇಕು. ಕಪ್ಪು ಫಿಲ್ಮಿಗೆ ಸುಪ್ರೀಂ ಕೋರ್ಟ್ 2012ರಲ್ಲೇ ಕಡಿವಾಣ ಹಾಕಿದೆ. ಆ ಗೊಡವೆಯೇ ಬೇಡ. ಗಾಜಿನ ಅಳತೆಗೆ ಬೆಳ್ಳಿ ಫೋಮ್ ಕತ್ತರಿಸಿಟ್ಟುಕೊಂಡು, ನಿಲ್ಲಿಸಿದಾಗ ಸಿಕ್ಕಿಸಿ, ಹೊರಡುವಾಗ ತೆಗೆಯಿರಿ. ಬಿಳಿ ಟಾಪು ಕಾವನ್ನು ತುಂಬಾ ಕಡಿಮೆ ಮಾಡುತ್ತದೆ, ಅದು ನಿಜ. ಬಣ್ಣ ಬದಲಾದರೆ ಆರ್‌ಸಿಯಲ್ಲಿ ಸೇರಿಸಬೇಕು. ಸೀಟು ಕಿತ್ತು ಮಂಚ, ಅಡುಗೆಮನೆ ಮಾಡುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಬೇಕು. ಗಾಡಿ ಬಿಚ್ಚುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೇ ಇದನ್ನು.

ಇದೇ ಗಾಡಿಯಲ್ಲಿ ಊಟಿಗೆ, ಆಮೇಲೆ ಲಡಾಖಿಗೆ ಹೋಗ್ಬೇಕು ಅಂತಿದೀವಿ. ಏನೇನು ಬೇಕು?

ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಊಟಿ 2,240 ಮೀಟರಿನಲ್ಲಿದೆ, ದಾವಣಗೆರೆಗಿಂತ ಹತ್ತು ಡಿಗ್ರಿ ಕಡಿಮೆ ಅಂದುಕೊಳ್ಳಿ. ಜನವರಿಯಲ್ಲಿ ಅಲ್ಲಿ ನೆಲಕ್ಕೆ ಹಿಮ ಕೂರುತ್ತದೆ. ಕಂಬಳಿಯ ಜೊತೆಗೆ ದಪ್ಪ ಕೌದಿ, ಕಿಟಕಿಗೆ ಫೋಮ್ ಸಾಕು.

ಲಡಾಖ್ ಬೇರೆ ಮಾತು. ಅಲ್ಲಿಗೆ ಹೊರಗಿನ ಗಾಳಿಯಲ್ಲೇ ಉರಿದು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರ್ ಬೇಕಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಅದನ್ನು ಗಾಡಿಯ ಒಳಗೆ ಬೆಚ್ಚಗಿನ ಕಡೆ ಇಡಿ. ನಮ್ಮ ಕಡೆಯ ಹಳೆಯ ಗಾಡಿಗಳ ರೇಡಿಯೇಟರಿನಲ್ಲಿ ಎಷ್ಟೋ ಸಲ ಬರೀ ನೀರಿರುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಹೊರಡುವ ಮುಂಚೆ ಮೆಕ್ಯಾನಿಕ್ ಹತ್ತಿರ ನೀರು ಪೂರ್ತಿ ಖಾಲಿ ಮಾಡಿಸಿ, ಅಲ್ಲಿಯ ಚಳಿಗೆ ಹೆಪ್ಪುಗಟ್ಟದಂಥ ಕೂಲಂಟ್ ತುಂಬಿಸಿಕೊಳ್ಳಿ.